ಮನೆಯ ಸ್ಟೀರಿಯೊಗೆ ಆಂಪ್ಲಿಫೈಯರ್: ಲೆಕ್ಕ ಸ್ಪೀಕರ್‌ನಿಂದ ಶುರುವಾಗಲಿ

ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ವಾಟ್?" ಎಂದು. ಈ ಪ್ರಶ್ನೆಗೆ ಉತ್ತರ ಇರುವುದು ಸ್ಪೀಕರ್‌ನ ಹಿಂಬದಿಯ ಚೀಟಿಯಲ್ಲಿ. ಆಂಪ್ ಮಾಡುವ ಕೆಲಸ ಇಷ್ಟೇ: ಸಿಡಿ ಪ್ಲೇಯರ್ ಅಥವಾ ಡ್ಯಾಕ್ (ಡಿಜಿಟಲ್ ಹಾಡನ್ನು ವಿದ್ಯುತ್ ಸಿಗ್ನಲ್ ಆಗಿಸುವ ಪೆಟ್ಟಿಗೆ) ಕೊಡುವ ಹೆಚ್ಚೆಂದರೆ 2 ವೋಲ್ಟ್‌ನ ಸಿಗ್ನಲ್ಲನ್ನು ಹತ್ತಾರು ವೋಲ್ಟ್‌ಗೆ ಏರಿಸಬೇಕು, ಆ ವೋಲ್ಟೇಜಿನಲ್ಲಿ ಸ್ಪೀಕರ್ ಎಳೆಯುವಷ್ಟು ಕರೆಂಟನ್ನು ಕುಗ್ಗದೆ ಕೊಡಬೇಕು. ಎಷ್ಟು ವೋಲ್ಟ್, ಎಷ್ಟು ಕರೆಂಟ್ ಎನ್ನುವುದನ್ನು ತೀರ್ಮಾನಿಸುವುದು ಸ್ಪೀಕರ್, ನೀವು ಕೂರುವ ದೂರ ಮತ್ತು ನೀವು ಕೇಳುವ ಜೋರು. ಸ್ಪೀಕರ್ ಇನ್ನೂ ಆರಿಸಿಲ್ಲವಾದರೆ ಆಂಪ್ ಹುಡುಕುವುದನ್ನು ಬದಿಗಿಟ್ಟು ಅದನ್ನು ಮೊದಲು ಮುಗಿಸಿ. ಹಣದ ದೊಡ್ಡ ಪಾಲೂ ಅಲ್ಲಿಗೇ ಹೋಗಲಿ. ಸ್ಪೀಕರ್ ಬದಲಾದರೆ ಸದ್ದಿನ ಬಣ್ಣವೇ ಬದಲಾಗುತ್ತದೆ. ಚೆನ್ನಾಗಿ ಕಟ್ಟಿದ ಎರಡು ಆಂಪ್‌ಗಳು ತಮ್ಮ ಮಿತಿಯೊಳಗೆ ಓಡುವಾಗ ಅವುಗಳ ನಡುವಿನ ವ್ಯತ್ಯಾಸ ಬಹಳ ಸಣ್ಣದು. ಆ ಮಿತಿ ಎಲ್ಲಿದೆ ಎಂದು ಮೊದಲೇ ತಿಳಿದುಕೊಳ್ಳುವುದೇ ಆಯ್ಕೆಯ ಮುಖ್ಯ ಕೆಲಸ.

ಎಷ್ಟು ವಾಟ್ ಬೇಕು: ಕಾಗದದ ಮೇಲೆ ಲೆಕ್ಕ

ಸ್ಪೀಕರ್‌ನ ಮಾಹಿತಿಪತ್ರದಿಂದ ಎರಡು ಅಂಕಿ ಬರೆದಿಟ್ಟುಕೊಳ್ಳಿ: ಸೆನ್ಸಿಟಿವಿಟಿ ಮತ್ತು ಇಂಪೀಡೆನ್ಸ್. ಇಂಪೀಡೆನ್ಸ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಸೆನ್ಸಿಟಿವಿಟಿ ಎಂದರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬಲ್ ಸದ್ದು ಹೊರಡಿಸುತ್ತದೆ ಎಂಬುದು. 8 ಓಮ್‌ಗೆ 2.83 ವೋಲ್ಟ್ ಎಂದರೆ 1 ವಾಟ್. 4 ಓಮ್ ಸ್ಪೀಕರ್‌ಗೆ ಅದೇ 2.83 ವೋಲ್ಟ್ ಕೊಟ್ಟರೆ ಅದು ಎಳೆಯುವುದು 2 ವಾಟ್. ಹೀಗಾಗಿ 4 ಓಮ್ ಸ್ಪೀಕರ್‌ನ ಚೀಟಿಯಲ್ಲಿ 88 ಡೆಸಿಬಲ್ ಎಂದಿದ್ದರೆ, ವಾಟ್ ಲೆಕ್ಕದಲ್ಲಿ ಅದನ್ನು 85 ಎಂದೇ ಹಿಡಿಯಬೇಕು.

ಉದಾಹರಣೆಗೆ 8 ಓಮ್, 86 ಡೆಸಿಬಲ್‌ನ ಸ್ಪೀಕರ್ ಜೋಡಿ, ಕೂರುವ ದೂರ 3 ಮೀಟರ್ ಎಂದಿಟ್ಟುಕೊಳ್ಳಿ. ಬಯಲಿನಲ್ಲಾದರೆ ಒಂದು ಮೀಟರ್‌ನಿಂದ ಮೂರು ಮೀಟರ್‌ಗೆ ಹೋದಾಗ ಸದ್ದು 9.5 ಡೆಸಿಬಲ್ ಇಳಿಯುತ್ತದೆ. ಮನೆಯ ಕೋಣೆಯಲ್ಲಿ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ಇಳಿಕೆ ಕಡಿಮೆ; 6 ಡೆಸಿಬಲ್ ಎಂದು ಹಿಡಿದರೆ ಸಾಕು. ಎರಡು ಸ್ಪೀಕರ್ ಸೇರಿ 3 ಡೆಸಿಬಲ್ ಕೂಡಿಸುತ್ತವೆ. ಅಲ್ಲಿಗೆ 86 ರಲ್ಲಿ 6 ಕಳೆದು 3 ಕೂಡಿದರೆ, ತಲಾ 1 ವಾಟ್‌ಗೆ ನಿಮ್ಮ ಕುರ್ಚಿಯಲ್ಲಿ 83 ಡೆಸಿಬಲ್ ಸಿಗುತ್ತದೆ. ಆಗಲೇ ಅದು ಸಾಕಷ್ಟು ಜೋರು. ಮಾಮೂಲಿ ಕೇಳುವಿಕೆ 70ರಿಂದ 80 ಡೆಸಿಬಲ್‌ನೊಳಗೆ ನಡೆಯುತ್ತದೆ.

ಹಾಗಾದರೆ 1 ವಾಟ್‌ನ ಆಂಪ್ ಸಾಕೇ? ಸಾಲದು. ಸಂಗೀತ ಸಮತಟ್ಟಾಗಿ ಹರಿಯುವುದಿಲ್ಲ. ಡ್ರಮ್ಮಿನ ಒಂದು ಪೆಟ್ಟು, ಪಿಯಾನೊದ ಒಂದು ಗಟ್ಟಿ ಸ್ವರ ಸರಾಸರಿಗಿಂತ 15ರಿಂದ 20 ಡೆಸಿಬಲ್ ಮೇಲಕ್ಕೆ ಚಿಮ್ಮುತ್ತದೆ. ಸರಾಸರಿ 80ರಲ್ಲಿ ಕೇಳುವವರಿಗೆ ಆ ಕ್ಷಣಗಳಲ್ಲಿ 98 ಡೆಸಿಬಲ್ ಬೇಕಾಗಬಹುದು. 83ರಿಂದ 98ಕ್ಕೆ ಹೋಗಲು 15 ಡೆಸಿಬಲ್. ಪ್ರತಿ 3 ಡೆಸಿಬಲ್‌ಗೆ ವಾಟ್ ಇಮ್ಮಡಿ, ಪ್ರತಿ 10ಕ್ಕೆ ಹತ್ತು ಪಟ್ಟು. 15 ಎಂದರೆ ಸುಮಾರು 32 ಪಟ್ಟು. ತಲಾ 32 ವಾಟ್ ಬೇಕಾಯಿತು. ಇನ್ನು 3 ಡೆಸಿಬಲ್ ಅಂಚು ಇಟ್ಟುಕೊಂಡರೆ 64 ವಾಟ್. ಇದೇ ಕೋಣೆಗೆ 92 ಡೆಸಿಬಲ್‌ನ ಸ್ಪೀಕರ್ ತಂದರೆ ಕಾಲುಭಾಗ ಸಾಕು: 8ರಿಂದ 16 ವಾಟ್. 83 ಡೆಸಿಬಲ್‌ನ ಪುಟ್ಟ ಪೆಟ್ಟಿಗೆ ಸ್ಪೀಕರ್ ತಂದರೆ 64ರಿಂದ 128.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. 50 ವಾಟ್‌ನ ಮಾದರಿಗೂ 70 ವಾಟ್‌ನ ಮಾದರಿಗೂ ಇರುವ ಅಂತರ 1.5 ಡೆಸಿಬಲ್ ಮಾತ್ರ. ಆ ಅಂತರಕ್ಕಾಗಿ ಒಂದು ಮೆಟ್ಟಿಲು ಮೇಲಿನ ಮಾದರಿಗೆ ಹಣ ಸುರಿಯುವುದು ವ್ಯರ್ಥ. ಕಿವಿಗೆ ಸದ್ದು "ಎರಡರಷ್ಟು" ಎನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ನಿಜಕ್ಕೂ ಜೋರು ಬೇಕೆನ್ನುವವರು ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಕೊಳ್ಳುವುದೇ ಅಗ್ಗದ ದಾರಿ.

ವಾಟ್ ಸಾಲದೆ ಹೋದರೆ ಆಗುವುದು ಕ್ಲಿಪ್ಪಿಂಗ್. ಸಿಗ್ನಲ್ ಕೇಳಿದಷ್ಟು ವೋಲ್ಟೇಜು ಆಂಪ್‌ನ ಪವರ್ ಸಪ್ಲೈಯಲ್ಲಿ ಇಲ್ಲದಾಗ ಅಲೆಯ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಗಟ್ಟಿ ಜಾಗಗಳಲ್ಲಿ ಸದ್ದು ಒರಟಾಗಿ, ಸೀಳಿದಂತೆ ಕೇಳಿದರೆ ಕಾರಣ ಬಹುಪಾಲು ಇದೇ. ಆಗಲೂ ವಾಲ್ಯೂಮ್ ಏರಿಸುತ್ತಾ ಹೋದರೆ ಬಾಸ್ ತನ್ನ ಮಿತಿಗೆ ತಗುಲಿ ನಿಂತಿರುತ್ತದೆ, ಮೇಲಿನ ಸ್ವರಗಳು ಮಾತ್ರ ಏರುತ್ತಲೇ ಇರುತ್ತವೆ. ಕತ್ತರಿಸಿದ ಅಂಚುಗಳಿಂದ ಹುಟ್ಟುವ ಹೆಚ್ಚುವರಿ ಹಾರ್ಮೋನಿಕ್ಕುಗಳೂ (ಮೂಲ ಸ್ವರದ ಮೇಲಿನ ಪಟ್ಟುಗಳು) ಅದಕ್ಕೆ ಸೇರಿಕೊಂಡು ಎಲ್ಲವೂ ಮೇಲಿನ ಸ್ವರ ನುಡಿಸುವ ಪುಟ್ಟ ಘಟಕವಾದ ಟ್ವೀಟರ್‌ಗೆ ಹೋಗುತ್ತದೆ. ಅದರ ಕೂದಲೆಳೆಯಂಥ ಸುರುಳಿ ಸುಡುತ್ತದೆ. 20 ವಾಟ್‌ನ ಆಂಪ್ 100 ವಾಟ್‌ನ ಸ್ಪೀಕರನ್ನು ಹಾಳುಮಾಡುವುದು ಹೀಗೆ. ತಿರುವುಗುಂಡಿಯ ಮೇಲೆ ಹಿಡಿತವಿದ್ದರೆ, ಸ್ಪೀಕರ್ ಚೀಟಿಯ ಶಿಫಾರಸಿಗಿಂತ ದೊಡ್ಡ ಆಂಪ್ ಜೋಡಿಸುವುದರಲ್ಲಿ ಅಪಾಯ ಕಡಿಮೆ.

ಇಂಪೀಡೆನ್ಸ್: ಚೀಟಿಯ ಅಂಕಿ ಒಂದು, ನಿಜ ಇನ್ನೊಂದು

ಚೀಟಿಯಲ್ಲಿ "8 ಓಮ್" ಎಂದಿದ್ದರೂ ಆ ಸ್ಪೀಕರ್ ಎಲ್ಲ ಸ್ವರಗಳಲ್ಲೂ 8 ಓಮ್ ಇರುವುದಿಲ್ಲ. ಬಾಸ್‌ನ ಅನುರಣನದಲ್ಲಿ 20, 30 ಓಮ್‌ಗೆ ಏರಿ, 100ರಿಂದ 200 ಹರ್ಟ್ಸ್ ಸುಮಾರಿಗೆ ಕೆಳಕ್ಕೆ ಕುಸಿಯುವುದು ಸಾಮಾನ್ಯ. ಅಂತರರಾಷ್ಟ್ರೀಯ ಐಇಸಿ 60268 ಮಾನದಂಡದ ಪ್ರಕಾರ ಕನಿಷ್ಠ ಮಟ್ಟ ಚೀಟಿಯ ಅಂಕಿಯ 80%ಗಿಂತ ಕೆಳಗಿಳಿಯಬಾರದು, ಅಂದರೆ 8 ಓಮ್‌ನದು 6.4ಕ್ಕಿಂತ, 4 ಓಮ್‌ನದು 3.2ಕ್ಕಿಂತ ಕೆಳಗೆ ಹೋಗಬಾರದು. ಇದನ್ನು ಪಾಲಿಸದ ಸ್ಪೀಕರ್‌ಗಳು ಸಾಕಷ್ಟಿವೆ. 8 ಎಂದು ಬರೆದು 4ರ ಆಸುಪಾಸಿಗೆ ಇಳಿಯುವವೂ ಇವೆ. ಹಾಗಾಗಿ ಮಾಹಿತಿಪತ್ರದಲ್ಲಿ "ಕನಿಷ್ಠ ಇಂಪೀಡೆನ್ಸ್" ಎಂಬ ಸಾಲು ಹುಡುಕಿ. ಅದಿಲ್ಲದಿದ್ದರೆ ಅಳತೆ ಮಾಡಿ ಬರೆದ ವಿಮರ್ಶೆಗಳಲ್ಲಿ ಇಂಪೀಡೆನ್ಸ್ ಗ್ರಾಫ್ ನೋಡಿ.

ಇದು ಯಾಕೆ ಮುಖ್ಯ ಎಂದರೆ ಕರೆಂಟ್. 8 ಓಮ್‌ಗೆ 50 ವಾಟ್ ಕೊಡುವ ಆಂಪ್ 20 ವೋಲ್ಟ್ ಹೊರಡಿಸುತ್ತಿದೆ, ಅಲೆಯ ತುದಿಯಲ್ಲಿ 28 ವೋಲ್ಟ್. 8 ಓಮ್‌ನಲ್ಲಿ ಅದಕ್ಕೆ 3.5 ಆಂಪಿಯರ್ ಸಾಕು. ಅದೇ ಕ್ಷಣ ಸ್ಪೀಕರ್ 3.2 ಓಮ್‌ಗೆ ಕುಸಿದಿದ್ದರೆ ಬೇಕಾಗುವುದು ಸುಮಾರು 9 ಆಂಪಿಯರ್. ದುರ್ಬಲ ಪವರ್ ಸಪ್ಲೈ ಇಲ್ಲಿ ಕೈಚೆಲ್ಲುತ್ತದೆ: ವೋಲ್ಟೇಜು ಕುಗ್ಗುತ್ತದೆ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಕಾಯುತ್ತದೆ, ಕೊನೆಗೆ ಪ್ರೊಟೆಕ್ಷನ್ ರಿಲೇ (ಅಪಾಯದಲ್ಲಿ ಸ್ಪೀಕರ್ ಸಂಪರ್ಕ ತಪ್ಪಿಸುವ ಸ್ವಿಚ್ಚು) ಟಕ್ ಎಂದು ಕಡಿದುಕೊಳ್ಳುತ್ತದೆ.

ಆಂಪ್‌ನ ಗಟ್ಟಿತನ ಅಳೆಯಲು ಸುಲಭದ ದಾರಿಯೊಂದಿದೆ. 8 ಓಮ್‌ನ ವಾಟನ್ನೂ 4 ಓಮ್‌ನ ವಾಟನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಪ್ಲೈ ಸ್ವಲ್ಪವೂ ಕುಗ್ಗದಿದ್ದರೆ 4 ಓಮ್‌ನಲ್ಲಿ ವಾಟ್ ಸರಿಯಾಗಿ ಎರಡರಷ್ಟಾಗಬೇಕು. 60 ವಾಟ್ 120 ಆದರೆ ಅತ್ಯುತ್ತಮ, 90ರಿಂದ 100 ಆದರೆ ಒಳ್ಳೆಯದು. 60 ವಾಟ್ 65 ಆದರೆ, ಅಥವಾ 4 ಓಮ್‌ನ ಪ್ರಸ್ತಾಪವೇ ಇಲ್ಲದಿದ್ದರೆ, ಆ ಆಂಪನ್ನು 6 ಓಮ್‌ಗಿಂತ ಕೆಳಗಿಳಿಯದ ಸ್ಪೀಕರ್‌ಗೆ ಮಾತ್ರ ಬಳಸಿ. ಕೆಲವು ರಿಸೀವರ್‌ಗಳ (ರೇಡಿಯೊ ಸೇರಿಸಿದ ಆಂಪ್‌ಗಳ) ಹಿಂದೆ ಅಥವಾ ಮೆನುವಿನಲ್ಲಿ 4 ಓಮ್/8 ಓಮ್ ಆಯ್ಕೆ ಇರುತ್ತದೆ. ಅದನ್ನು 4ಕ್ಕೆ ತಿರುಗಿಸಿದರೆ ಆಂಪ್‌ಗೆ ಹೊಸ ಶಕ್ತಿಯೇನೂ ಬರುವುದಿಲ್ಲ. ಬಿಸಿ ತಗ್ಗಲೆಂದು ಒಳಗಿನ ಸಪ್ಲೈ ವೋಲ್ಟೇಜನ್ನು ಇಳಿಸಲಾಗುತ್ತದೆ, ಅದರ ಜೊತೆ ವಾಟೂ ಇಳಿಯುತ್ತದೆ.

ಎರಡು ಜೋಡಿ ಸ್ಪೀಕರ್ ಹಾಕುವವರು ಇನ್ನೊಂದು ಲೆಕ್ಕ ಮಾಡಬೇಕು. ಎ ಮತ್ತು ಬಿ ಸ್ಪೀಕರ್ ಗುಂಡಿಗಳೆರಡನ್ನೂ ಒಟ್ಟಿಗೆ ಒತ್ತಿದಾಗ ಹೆಚ್ಚಿನ ಆಂಪ್‌ಗಳು ಅವನ್ನು ಪ್ಯಾರಲಲ್ ಆಗಿ ಜೋಡಿಸುತ್ತವೆ. ಎರಡು 8 ಓಮ್ ಸೇರಿ 4 ಆಗುತ್ತದೆ, ಎರಡು 6 ಸೇರಿ 3. ಬ್ರಿಜ್ ಮಾಡಿದರೂ, ಅಂದರೆ ಎರಡು ಚಾನೆಲ್ ಸೇರಿಸಿ ಒಂದೇ ಸ್ಪೀಕರ್ ನಡೆಸಿದರೂ, ಇದೇ ಕಥೆ: 8 ಓಮ್ ಸ್ಪೀಕರ್ ಪ್ರತಿ ಚಾನೆಲ್‌ಗೆ 4 ಓಮ್‌ನಂತೆ ಕಾಣುತ್ತದೆ.

ಮಾಹಿತಿಪತ್ರ ಓದುವ ಬಗೆ

ನಂಬಬಹುದಾದ ಸಾಲು ಹೀಗಿರುತ್ತದೆ: "2 x 60 ವಾಟ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.05% ಡಿಸ್ಟಾರ್ಷನ್, ಎರಡೂ ಚಾನೆಲ್ ಓಡುವಾಗ." ಡಿಸ್ಟಾರ್ಷನ್ ಎಂದರೆ ಅಲೆಯ ಆಕಾರ ಕೆಟ್ಟ ಪ್ರಮಾಣ. ಈ ಸಾಲಿನಲ್ಲಿ ಒಂದೊಂದು ಮಾತು ಬಿಟ್ಟುಹೋದಾಗಲೂ ವಾಟ್ ಉಬ್ಬುತ್ತದೆ. "1 ಕಿಲೋಹರ್ಟ್ಸ್" ಎಂದಷ್ಟೇ ಇದ್ದರೆ, ಹೆಚ್ಚು ಶ್ರಮ ಬೇಡುವ ಬಾಸ್‌ನಲ್ಲಿ ಅಳೆದಿಲ್ಲ ಎಂದರ್ಥ. "10% ಡಿಸ್ಟಾರ್ಷನ್" ಎಂದಿದ್ದರೆ ಅಲೆ ಆಗಲೇ ಚಪ್ಪಟೆಯಾಗಿದೆ. ಅದರಲ್ಲಿ ಕಾಲುಭಾಗವನ್ನಾದರೂ ಕಳೆದು ಓದಿ. "ಒಂದು ಚಾನೆಲ್ ಓಡುವಾಗ" ಎಂದಿದ್ದರೆ ಸಪ್ಲೈಯ ಪೂರ್ತಿ ಬಲ ಒಂದೇ ಕಡೆ ಹರಿದಿರುತ್ತದೆ. ಹೋಂ ಥಿಯೇಟರ್ ರಿಸೀವರ್‌ಗಳಲ್ಲಿ ಇದು ಹೆಚ್ಚು. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ಸಾವಿರಗಟ್ಟಲೆ ವಾಟ್‌ಗೆ ಯಾವ ಅರ್ಥವೂ ಇಲ್ಲ, ಓದದೆ ಮುಂದೆ ಹೋಗಿ. ವಾಟಿನ ಈ ಉಬ್ಬರ ಹಳೆಯ ಕಾಯಿಲೆ. ಅದನ್ನು ಹಿಡಿತಕ್ಕೆ ತರಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್ ನಿಯಮ ತಂದಿತು.

ಹೊರಗಿನ ಅಡಾಪ್ಟರ್‌ನಿಂದ ಓಡುವ ಪುಟ್ಟ ಆಂಪ್‌ಗಳಲ್ಲಿ ಸುಳ್ಳು ಪತ್ತೆ ಇನ್ನೂ ಸುಲಭ. ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ. 24 ವೋಲ್ಟ್, 4 ಆಂಪಿಯರ್ ಎಂದರೆ ಒಟ್ಟು 96 ವಾಟ್, ಅದರಲ್ಲೂ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಅದರೊಂದಿಗೆ ಬಂದ ಆಂಪ್‌ನ ಮೇಲೆ "2 x 100 ವಾಟ್" ಎಂದಿದ್ದರೆ ಅದು ನಿರಂತರವಾಗಿ ಸಿಗುವ ಮಾತಲ್ಲ.

ಡಿಸ್ಟಾರ್ಷನ್ 0.1%ಗಿಂತ ಕೆಳಗಿದ್ದರೆ ಸಾಕು. 0.01ಕ್ಕೂ 0.001ಕ್ಕೂ ನಡುವಿನ ವ್ಯತ್ಯಾಸ ಮೀಟರ್‌ಗೆ ಕಾಣುತ್ತದೆ, ಸಂಗೀತ ಕೇಳುವ ಕಿವಿಗೆ ಕಾಣುವುದು ತೀರ ಅಪರೂಪ. ಹಿಸ್ ಸದ್ದಿನ ವಿಷಯ ಬೇರೆ. ಹಾಡಿಗೂ ಹಿನ್ನೆಲೆಯ ಹಿಸ್ಸಿಗೂ ಇರುವ ಅಂತರವನ್ನು, ಅಂದರೆ ಸಿಗ್ನಲ್-ನಾಯ್ಸ್ ಅನುಪಾತವನ್ನು, ಸಾಮಾನ್ಯವಾಗಿ ಪೂರ್ತಿ ವಾಟ್‌ನಲ್ಲಿ ಅಳೆಯುತ್ತಾರೆ. ನೀವು ಕೇಳುವುದು ಅರ್ಧ, ಒಂದು ವಾಟ್‌ನಲ್ಲಿ. ಅಂಗಡಿಯಲ್ಲೇ ಪರೀಕ್ಷಿಸಿ: ಹಾಡು ನಿಲ್ಲಿಸಿ, ವಾಲ್ಯೂಮನ್ನು ಮಾಮೂಲಿ ಮಟ್ಟದಲ್ಲೇ ಬಿಟ್ಟು, ಟ್ವೀಟರ್‌ಗೆ ಕಿವಿಯಿಡಿ. ಒಂದು ಅಡಿ ದೂರದಲ್ಲಿ ಏನೂ ಕೇಳಿಸದಿದ್ದರೆ ನಿಶ್ಚಿಂತೆ. ನಿಮ್ಮ ಸ್ಪೀಕರ್ 95 ಡೆಸಿಬಲ್‌ಗಿಂತ ಹೆಚ್ಚಿನದಾದರೆ ಈ ಪರೀಕ್ಷೆಯನ್ನು ನಿಮ್ಮ ಸ್ಪೀಕರ್‌ನಲ್ಲೇ ಮಾಡಬೇಕು, ಯಾಕೆಂದರೆ ಅದು ಹಿಸ್ಸನ್ನೂ ಅಷ್ಟೇ ಎತ್ತಿ ತೋರಿಸುತ್ತದೆ.

ಡ್ಯಾಂಪಿಂಗ್ ಫ್ಯಾಕ್ಟರ್ ಎಂದರೆ 8 ಓಮನ್ನು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್‌ನಿಂದ (ಆಂಪ್‌ನ ಸ್ವಂತ ಒಳತಡೆಯಿಂದ) ಭಾಗಿಸಿದ್ದು; ಆಂಪ್ ಸ್ಪೀಕರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ. 20–30 ದಾಟಿದರೆ ಸಾಕು. 500, 1000 ಎಂಬ ದೊಡ್ಡ ಅಂಕಿಗಳು ಸ್ಪೀಕರ್ ವೈರಿನಲ್ಲೇ ಕರಗಿಹೋಗುತ್ತವೆ: 5 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆದರೆ ಹೋಗಿಬರುವ ದಾರಿಯ ರೆಸಿಸ್ಟೆನ್ಸ್ 0.07 ಓಮ್, ಅಷ್ಟರಲ್ಲೇ ಫ್ಯಾಕ್ಟರ್ 115ಕ್ಕೆ ಇಳಿದಿರುತ್ತದೆ.

ಕ್ಲಾಸ್ ಎ, ಎಬಿ, ಡಿ ಮತ್ತು ವಾಲ್ವ್

ಕ್ಲಾಸ್ ಎಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕೆಲಸ ಮಾಡುವ ರೀತಿ. ಕ್ಲಾಸ್ ಎಬಿ ಇಂದಿಗೂ ಹೆಚ್ಚು ಕಾಣುವ ಬಗೆ. ಪೂರ್ತಿ ಜೋರಿನಲ್ಲಿ 50–65% ದಕ್ಷತೆ, ಉಳಿದದ್ದು ಹೀಟ್‌ಸಿಂಕಿನಲ್ಲಿ ಬಿಸಿ. ಎಂಥ ಸ್ಪೀಕರ್‌ಗೂ ಒಗ್ಗುತ್ತದೆ, ಕೆಟ್ಟರೆ ರಿಪೇರಿಯೂ ಆಗುತ್ತದೆ. ಕ್ಲಾಸ್ ಎ ಹಾಡಿಲ್ಲದಾಗಲೂ ಪೂರ್ತಿ ಕರೆಂಟ್ ಎಳೆಯುತ್ತಲೇ ಇರುತ್ತದೆ. 20 ವಾಟ್ ಸದ್ದಿಗೆ ನೂರಕ್ಕೂ ಹೆಚ್ಚು ವಾಟ್ ಸದಾ ಬಿಸಿಯಾಗಿ ಹೊರಬರುತ್ತದೆ. ಗಾಳಿಯಾಡದ ಕಪಾಟಿನಲ್ಲಿಡುವವರು ಅದರ ಕಡೆ ನೋಡಲೇಬಾರದು.

ಕ್ಲಾಸ್ ಡಿ ಬಗ್ಗೆ ಹಳೆಯ ಪೂರ್ವಗ್ರಹಗಳು ಇನ್ನೂ ಉಳಿದಿವೆ. ಇದರಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತವೆ, ಕೊನೆಯಲ್ಲಿ ಒಂದು ಕಾಯಿಲ್ ಮತ್ತು ಕೆಪ್ಯಾಸಿಟರ್‌ನ ಫಿಲ್ಟರ್ ಆ ಸ್ವಿಚ್ಚಿಂಗನ್ನು ಸೋಸಿ ಸಂಗೀತವನ್ನಷ್ಟೇ ಬಿಡುತ್ತದೆ. ದಕ್ಷತೆ 85–90%, ಬಿಸಿ ಕಡಿಮೆ, ತೂಕವೂ ಕಡಿಮೆ. ನೋಡಬೇಕಾದದ್ದು ಒಂದೇ: ಫೀಡ್‌ಬ್ಯಾಕನ್ನು (ತಪ್ಪು ತಿದ್ದಲೆಂದು ಔಟ್‌ಪುಟ್‌ನಿಂದ ಒಳಕ್ಕೆ ಮರಳಿಸುವ ಸಿಗ್ನಲ್ಲನ್ನು) ಆ ಫಿಲ್ಟರ್‌ಗೆ ಮುಂಚೆ ತೆಗೆದಿದ್ದಾರೋ, ನಂತರವೋ. ಮುಂಚೆ ತೆಗೆದ ಅಗ್ಗದ ಬೋರ್ಡ್‌ಗಳಲ್ಲಿ 10 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರಗಳು ಸ್ಪೀಕರ್‌ನ ಇಂಪೀಡೆನ್ಸ್‌ಗೆ ತಕ್ಕಂತೆ ಏರುತ್ತವೆ, ಇಳಿಯುತ್ತವೆ. ಒಬ್ಬರಿಗೆ ಚುರುಕಾಗಿ ಕೇಳಿದ ಆಂಪ್ ಇನ್ನೊಬ್ಬರ ಸ್ಪೀಕರ್‌ನಲ್ಲಿ ಮಂಕಾಗುವುದಕ್ಕೆ ಇದೇ ಕಾರಣ. ಫಿಲ್ಟರ್‌ನ ನಂತರ ಫೀಡ್‌ಬ್ಯಾಕ್ ತೆಗೆಯುವ ಹೈಪೆಕ್ಸ್‌ನ ಎನ್‌ಕೋರ್, ಪ್ಯೂರಿಫೈನಂಥ ಮಾಡ್ಯೂಲ್‌ಗಳಲ್ಲಿ ಈ ತೊಂದರೆ ಇಲ್ಲ. ವಿಮರ್ಶೆಯ ಗ್ರಾಫಿನಲ್ಲಿ 4 ಓಮ್‌ನ ಗೆರೆಯೂ 8 ಓಮ್‌ನ ಗೆರೆಯೂ ಒಂದರ ಮೇಲೊಂದು ಕೂತಿದ್ದರೆ ಧೈರ್ಯವಾಗಿ ಕೊಳ್ಳಿ.

ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳನ್ನು ಬಳಸುವ ವಾಲ್ವ್ ಆಂಪ್ ಸುಂದರ ವಸ್ತು, ಆದರೆ ಅದು ಸ್ಪೀಕರ್‌ನೊಂದಿಗೆ ಬೇರೆಯದೇ ಸಂಬಂಧ ಬೆಳೆಸುತ್ತದೆ. ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಇರುವ ವಾಲ್ವ್ ಆಂಪ್‌ಗೆ 4ರಿಂದ 20 ಓಮ್‌ವರೆಗೆ ಏರಿಳಿಯುವ ಸ್ಪೀಕರ್ ಜೋಡಿಸಿದರೆ, 20 ಓಮ್ ಇರುವ ಜಾಗದ ಸ್ವರಗಳು 4 ಓಮ್ ಇರುವ ಜಾಗಕ್ಕಿಂತ 2.7 ಡೆಸಿಬಲ್ ಜೋರಾಗುತ್ತವೆ. ಇದು ಟೋನ್ ಗುಂಡಿ ತಿರುಗಿಸಿದಷ್ಟೇ ಸ್ಪಷ್ಟವಾಗಿ ಕೇಳುವ ಬದಲಾವಣೆ. ಇಂಪೀಡೆನ್ಸ್ ಹೆಚ್ಚು ಏರಿಳಿಯದ, ಸೆನ್ಸಿಟಿವಿಟಿ 90 ದಾಟಿದ ಸ್ಪೀಕರ್ ಇದ್ದರೆ ಇಎಲ್ 34 ವಾಲ್ವ್ ಜೋಡಿಯ 30–40 ವಾಟ್‌ನ ಆಂಪ್ ಸೊಗಸಾಗಿ ನಡೆಸುತ್ತದೆ. ಒಂದೇ 300ಬಿ ವಾಲ್ವ್‌ನಿಂದ ಸಿಗುವುದು ಸುಮಾರು 8 ವಾಟ್, ಅದಕ್ಕೆ ಇನ್ನೂ ಹೆಚ್ಚು ಸೆನ್ಸಿಟಿವಿಟಿ ಬೇಕು. ವಾಲ್ವ್ ಆಂಪನ್ನು ಸ್ಪೀಕರ್ ಜೋಡಿಸದೆ ಎಂದೂ ಓಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಹಿಂಬದಿಯ ತೂತುಗಳು

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಏನೇನು ಜೋಡಿಸಬೇಕೆಂದು ಪಟ್ಟಿ ಮಾಡಿ. ಈ ಪಟ್ಟಿ ತಪ್ಪಿದ್ದಕ್ಕಾಗಿ ಆಂಪ್ ಹಿಂತಿರುಗಿಸುವವರೂ ಇದ್ದಾರೆ.

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಇದ್ದರೆ ಫೋನೊ ಇನ್‌ಪುಟ್ ಬೇಕು. ಮೂವಿಂಗ್ ಮ್ಯಾಗ್ನೆಟ್ (ಎಂಎಂ) ಕಾರ್ಟ್ರಿಜ್, ಅಂದರೆ ಸೂಜಿ ಕೂರುವ ಭಾಗ, ಕೊಡುವುದು ಬರೀ 3ರಿಂದ 5 ಮಿಲಿವೋಲ್ಟ್. ಅದನ್ನು 40 ಡೆಸಿಬಲ್ ಏರಿಸಬೇಕು, ಜೊತೆಗೆ ರೆಕಾರ್ಡಿನಲ್ಲಿ ತಗ್ಗಿಸಿದ ಬಾಸನ್ನು ಮರಳಿ ಏರಿಸುವ ಆರ್‌ಐಎಎ ತಿದ್ದುಪಡಿ ಮಾಡಬೇಕು. ಮೂವಿಂಗ್ ಕಾಯಿಲ್ ಆದರೆ 0.2ರಿಂದ 0.5 ಮಿಲಿವೋಲ್ಟ್, ಏರಿಕೆ 60 ಡೆಸಿಬಲ್. ಬರೇ "ಫೋನೊ" ಎಂದು ಬರೆದಿದ್ದರೆ ಅದು ಎಂಎಂ ಎಂದೇ ತಿಳಿಯಿರಿ. ಟರ್ನ್‌ಟೇಬಲ್ ಅನ್ನು ಮಾಮೂಲಿ ಲೈನ್ ಇನ್‌ಪುಟ್‌ಗೆ ಹಾಕಿದರೆ ಬಾಸ್ ಇಲ್ಲದ, ಕೀರಲು, ಕ್ಷೀಣ ಸದ್ದು ಬರುತ್ತದೆ. ಫೋನೊ ಇಲ್ಲದ ಆಂಪ್ ಇಷ್ಟವಾದರೆ ಬೇರೆ ಫೋನೊ ಪೆಟ್ಟಿಗೆ ಸೇರಿಸಬಹುದು, ಅದಕ್ಕಾಗಿ ಒಳ್ಳೆಯ ಆಂಪ್ ಬಿಡಬೇಕಿಲ್ಲ.

ಟಿವಿಗೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಆಂಪ್‌ಗೆ ತರುವ ಎಚ್‌ಡಿಎಂಐ ಸಂಪರ್ಕ) ಇದ್ದರೆ ಟಿವಿಯ ರಿಮೋಟೇ ವಾಲ್ಯೂಮ್ ನಡೆಸುತ್ತದೆ. ಅದಿಲ್ಲದಿದ್ದರೆ ಆಪ್ಟಿಕಲ್. ಎರಡರಲ್ಲೂ ಟಿವಿಯ ಆಡಿಯೊ ಸೆಟ್ಟಿಂಗನ್ನು ಪಿಸಿಎಂ ಎಂದು ಮಾಡಿ. ಡಾಲ್ಬಿಯಲ್ಲೇ ಬಿಟ್ಟರೆ ಸ್ಟೀರಿಯೊ ಆಂಪ್ ಅದನ್ನು ಬಿಡಿಸಲಾರದೆ ಮೌನವಾಗಿ ಕೂರುತ್ತದೆ.

ಬಾಸ್‌ಗೆಂದೇ ಇರುವ ಸಬ್‌ವೂಫರ್ ಈಗಲ್ಲದಿದ್ದರೂ ಮುಂದೆ ಬರಬಹುದು ಎನಿಸಿದರೆ ಸಬ್ ಔಟ್ ಅಥವಾ ಪ್ರೀ ಔಟ್ ತೂತು ಇರುವ ಮಾದರಿಯನ್ನೇ ಆರಿಸಿ. ಮುಖ್ಯ ಸ್ಪೀಕರ್‌ಗಳಿಂದ 80 ಹರ್ಟ್ಸ್‌ಗಿಂತ ಕೆಳಗಿನ ಬಾಸನ್ನು ಕಡಿಯುವ ಹೈಪಾಸ್ ಫಿಲ್ಟರ್ ಆಂಪ್‌ನಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಪುಟ್ಟ ವೂಫರ್‌ಗಳ (ಬಾಸ್ ಘಟಕಗಳ) ಭಾರ ಇಳಿಯುತ್ತದೆ, ಆಂಪ್‌ನದೂ ಇಳಿಯುತ್ತದೆ. ಕೋಣೆಯ ಬಾಸ್ ತಿದ್ದುವ ಡಿರಾಕ್‌ನಂಥ ವ್ಯವಸ್ಥೆ ಸಿಗುವುದಾದರೆ ಅದಕ್ಕೆ ಕೊಡುವ ಹಣ ಸಾರ್ಥಕ. ಡಿಸ್ಟಾರ್ಷನ್‌ನಲ್ಲಿ ಇನ್ನೊಂದು ಸೊನ್ನೆ ಕೊಳ್ಳುವುದಕ್ಕಿಂತ ಸಾವಿರ ಪಾಲು ಮೇಲು.

ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಇನ್‌ಪುಟ್ ಒಂದು ಮೀಟರ್ ಕೇಬಲ್‌ಗೆ ಅಗತ್ಯವಿಲ್ಲ. ಉದ್ದ ಕೇಬಲ್ ಇದ್ದಾಗ, ಗುಂಯ್ ಸದ್ದು ಕಾಡಿದಾಗ ಉಪಯೋಗ. ಬ್ಲೂಟೂತ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಒಂದು ಪುಟ್ಟ ರಿಸೀವರ್ ಸಾಕು. ಹೆಡ್‌ಫೋನ್ ತೂತನ್ನು ಹೆಚ್ಚು ನಂಬಬೇಡಿ, ಅನೇಕ ಆಂಪ್‌ಗಳಲ್ಲಿ ಅದು ಸ್ಪೀಕರ್ ಔಟ್‌ಪುಟ್ಟಿಗೇ 220ರಿಂದ 470 ಓಮ್‌ನ ರೆಸಿಸ್ಟರ್ ಸೇರಿಸಿ ಮಾಡಿದ್ದು. ಆಟೊ ಸ್ಟ್ಯಾಂಡ್‌ಬೈ ಆಫ್ ಮಾಡಲು ಬರುತ್ತದೆಯೇ ಎಂದು ಕೇಳಿ. ಮೆಲ್ಲನೆಯ ಸಂಗೀತವನ್ನು ಮೌನವೆಂದು ತಿಳಿದು ನಡುವೆಯೇ ಆರಿಹೋಗುವ ಆಂಪ್ ದಿನವೂ ಕಿರಿಕಿರಿ.

ವಾಲ್ಯೂಮ್ ಗುಂಡಿ ಮತ್ತು ಗೇನ್

ಗುಂಡಿ ಸ್ವಲ್ಪ ತಿರುಗಿಸಿದೊಡನೆ ಅಬ್ಬರಿಸುವ ಆಂಪ್ ಹೆಚ್ಚು ಶಕ್ತಿಶಾಲಿ ಎಂಬ ಭ್ರಮೆ ವ್ಯಾಪಕವಾಗಿದೆ. ಅದು ಗೇನ್, ಅಂದರೆ ಸಿಗ್ನಲ್ಲನ್ನು ಏರಿಸುವ ಪಟ್ಟು, ಹೆಚ್ಚಿರುವ ಲಕ್ಷಣ ಅಷ್ಟೇ. ಹಳೆಯ ಆಂಪ್‌ಗಳು 150–200 ಮಿಲಿವೋಲ್ಟ್‌ಗೇ ಪೂರ್ತಿ ವಾಟ್ ಕೊಡುವಂತೆ ಕಟ್ಟಿದವು. ಇಂದಿನ ಸಿಡಿ ಪ್ಲೇಯರ್, ಡ್ಯಾಕ್‌ಗಳು ಕೊಡುವುದು 2 ವೋಲ್ಟ್. ಪರಿಣಾಮವಾಗಿ ಗುಂಡಿಯನ್ನು ಸದಾ ಎಂಟು-ಒಂಬತ್ತು ಗಂಟೆಯ ಜಾಗದಲ್ಲೇ ಬಳಸಬೇಕಾಗುತ್ತದೆ, ಅಲ್ಲಿ ಗುಂಡಿಯ ಹಿಂದಿರುವ ಮಾಮೂಲಿ ಪೊಟೆನ್ಶಿಯೋಮೀಟರ್‌ನ ಎಡಬಲ ಹೊಂದಿಕೆ ತೀರ ಕಳಪೆ. ರಾತ್ರಿ ಮೆಲ್ಲಗೆ ಕೇಳುವಾಗ ಹಾಡುಗಾರರು ಒಂದು ಬದಿಗೆ ಸರಿದಂತೆ ಕೇಳುವುದು ಇದರಿಂದ. ಕೊಳ್ಳುವಾಗ ಅತಿ ಕಡಿಮೆ ಸದ್ದಿನಲ್ಲಿ ಎಡಬಲ ಸಮವಾಗಿದೆಯೇ ಎಂದು ಕೇಳಿ ನೋಡಿ. ಎಲೆಕ್ಟ್ರಾನಿಕ್ ವಾಲ್ಯೂಮ್ ಚಿಪ್ ಅಥವಾ ರಿಲೇ-ರೆಸಿಸ್ಟರ್ ಏಣಿ ಇರುವ ಆಂಪ್‌ಗಳಲ್ಲಿ ಈ ದೋಷ ಇರುವುದಿಲ್ಲ.

ಬಳಸಿದ ಆಂಪ್ ಕೊಳ್ಳುವಾಗ

ಒಳ್ಳೆಯ ಹಳೆಯ ಆಂಪ್ ಹೊಸದರ ಎದುರು ಸಲೀಸಾಗಿ ನಿಲ್ಲುತ್ತದೆ, ಪರೀಕ್ಷೆ ಮಾಡಿ ತಂದರೆ. ಒಂದು ಮಲ್ಟಿಮೀಟರ್, ಕಳೆದುಕೊಂಡರೂ ಬೇಸರವಾಗದ ಸ್ಪೀಕರ್ ಜೋಡಿ, ಪ್ಲೇಯರ್ ಆಗಿ ಫೋನ್ ಕೊಂಡೊಯ್ಯಿರಿ.

1. ಹಿಂಬದಿಯ ಮೈನ್ಸ್ ವೋಲ್ಟೇಜ್ ನಿಮ್ಮೂರಿನದೇ ಎಂದು ನೋಡಿ. ಬೇರೆ ದೇಶದಿಂದ ಬಂದ 100 ಅಥವಾ 120 ವೋಲ್ಟ್‌ನ ಆಂಪನ್ನು 230ಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು.

2. ಸ್ಪೀಕರ್, ಇನ್‌ಪುಟ್ ಏನೂ ಜೋಡಿಸದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಆನ್ ಮಾಡಿ. (ವಾಲ್ವ್ ಆಂಪ್‌ಗೆ ಇದು ಸಲ್ಲದು.) ಮೂರರಿಂದ ಐದು ಸೆಕೆಂಡಿನಲ್ಲಿ ರಿಲೇಯ ಟಕ್ ಸದ್ದು ಬರಬೇಕು. ರಿಲೇ ಇದ್ದೂ ಟಕ್ ಎನ್ನದಿದ್ದರೆ ಒಳಗೆ ದೋಷವಿದೆ.

3. ಹತ್ತು ನಿಮಿಷ ಬಿಟ್ಟು ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಪ್ರತಿ ಚಾನೆಲ್‌ನ ಕೆಂಪು ಮತ್ತು ಕಪ್ಪು ಟರ್ಮಿನಲ್ ನಡುವೆ ಅಳೆಯಿರಿ. 30 ಮಿಲಿವೋಲ್ಟ್ ಒಳಗಿದ್ದರೆ ಚೆನ್ನ, 50 ನಡೆಯುತ್ತದೆ, 100 ದಾಟಿದರೆ ರಿಪೇರಿ ಬೇಕು. ವೋಲ್ಟ್‌ಗಟ್ಟಲೆ ತೋರಿಸಿದರೆ ಸ್ಪೀಕರ್ ಮುಟ್ಟಿಸಲೇಬೇಡಿ, ವೂಫರ್ ಸುಡುತ್ತದೆ.

4. ಸ್ಪೀಕರ್, ಫೋನ್ ಜೋಡಿಸಿ ಹಾಡು ಹಾಕಿ, ಒಂದೊಂದೇ ಗುಂಡಿ ತಿರುಗಿಸಿ. ಕರಕರ ಎಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹೋಗುತ್ತದೆ. ಮೆಲ್ಲಗಿರುವಾಗ ಒಂದು ಕಡೆ ಸದ್ದು ಮಾಯವಾಗಿ, ಜೋರು ಮಾಡಿದೊಡನೆ ಮರಳಿದರೆ ರಿಲೇಯ ಕಾಂಟ್ಯಾಕ್ಟ್ ಕಪ್ಪಾಗಿದೆ. ರಿಲೇ ಬದಲಿಸುವುದು ಅಗ್ಗದ ಕೆಲಸ. ವಾಲ್ಯೂಮ್ ಸೊನ್ನೆಯಲ್ಲೂ ಸ್ಪೀಕರ್‌ನಲ್ಲಿ ಗುಂಯ್‌ಗುಡುವುದಾದರೆ ಪವರ್ ಸಪ್ಲೈಯ ದೊಡ್ಡ ಕೆಪ್ಯಾಸಿಟರ್‌ಗಳು ಒಣಗಿರುವ ಸಂಭವ ಹೆಚ್ಚು. ಪ್ರತಿ 10 ಡಿಗ್ರಿ ಹೆಚ್ಚುವರಿ ಬಿಸಿಗೆ ಅವುಗಳ ಆಯಸ್ಸು ಅರ್ಧವಾಗುತ್ತದೆ, ಹಾಗಾಗಿ ಇಕ್ಕಟ್ಟಿನ ಕಪಾಟಿನಲ್ಲಿ ಬೆಂದ ಆಂಪ್ ವಯಸ್ಸಿಗೆ ಮುಂಚೆ ಮುಪ್ಪಾಗಿರುತ್ತದೆ.

5. ಅರ್ಧ ಗಂಟೆ ಮಾಮೂಲಿ ಸದ್ದಿನಲ್ಲಿ ಓಡಿಸಿ ಮೇಲ್ಭಾಗ ಮುಟ್ಟಿ ನೋಡಿ. ಒಂದು ಬದಿ ಬೆಚ್ಚಗಿದ್ದು ಇನ್ನೊಂದು ಬದಿ ಕೈಯಿಡಲಾಗದಷ್ಟು ಕಾದಿದ್ದರೆ ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟ್) ತಪ್ಪಿದೆ.

ಔಟ್‌ಪುಟ್‌ಗೆ ಎಸ್‌ಟಿಕೆ ಸರಣಿಯ ಹೈಬ್ರಿಡ್ ಐಸಿ (ಔಟ್‌ಪುಟ್ ಹಂತವೇ ಒಂದು ತುಂಡಿನಲ್ಲಿ ಅಡಗಿದ ಭಾಗ) ಬಳಸಿದ ಮಾದರಿಗಳನ್ನು ಯೋಚಿಸಿ ತೆಗೆದುಕೊಳ್ಳಿ. ಅವುಗಳಲ್ಲಿ ಅನೇಕ ಈಗ ತಯಾರಾಗುವುದಿಲ್ಲ, ಮಾರುಕಟ್ಟೆಯಲ್ಲಿ ನಕಲಿಗಳೇ ಹೆಚ್ಚು. ಬಿಡಿ ಟ್ರಾನ್ಸಿಸ್ಟರ್ ಬಳಸಿದ ಆಂಪ್‌ಗೆ ಬದಲಿ ಸಿಗುತ್ತದೆ.

ಎರಡು ಆಂಪ್ ಹೋಲಿಸಿ ಕೇಳುವುದು

ಸದ್ದು ಅರ್ಧ ಡೆಸಿಬಲ್ ಹೆಚ್ಚಿದ್ದರೆ ಕಿವಿ ಅದನ್ನು "ಜೋರು" ಎನ್ನುವುದಿಲ್ಲ. "ಸ್ಪಷ್ಟ", "ತುಂಬಿದ ಸದ್ದು" ಎನ್ನುತ್ತದೆ. ಆದ್ದರಿಂದ ಮಟ್ಟ ಸಮ ಮಾಡದ ಹೋಲಿಕೆಗೆ ಬೆಲೆಯಿಲ್ಲ. 200 ಹರ್ಟ್ಸ್‌ನ ಟೋನ್ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್‌ನಿಂದ ಎಸಿ ವೋಲ್ಟ್ ಅಳೆದು, ಮೊದಲನೆಯದನ್ನು 2.00 ವೋಲ್ಟ್‌ಗೆ ಇಡಿ. ಎರಡನೆಯದು 1.98ರಿಂದ 2.02ರೊಳಗೆ ಬರುವಂತೆ ತಿರುಗಿಸಿ; ಅಂತರ 0.1 ಡೆಸಿಬಲ್‌ನೊಳಗೆ ಬಂತು. ಅಗ್ಗದ ಮೀಟರ್‌ಗಳು ಕಿಲೋಹರ್ಟ್ಸ್‌ಗಳಲ್ಲಿ ತಪ್ಪು ತೋರಿಸುವುದರಿಂದಲೇ 200 ಹರ್ಟ್ಸ್. ಆಮೇಲೆ ಇನ್ನೊಬ್ಬರು ಬದಲಿಸಲಿ, ಯಾವುದು ಓಡುತ್ತಿದೆ ಎಂದು ನಿಮಗೆ ಹೇಳದಿರಲಿ. ಹೀಗೆ ಕೇಳಿದಾಗ ವ್ಯತ್ಯಾಸ ಕಾಣದಿದ್ದರೆ ಸಂತೋಷದಿಂದ ಅಗ್ಗದ್ದನ್ನು ಕೊಳ್ಳಿ. ವ್ಯತ್ಯಾಸ ಕಂಡರೆ ಅದಕ್ಕೆ ಕಾರಣ ಔಟ್‌ಪುಟ್ ಇಂಪೀಡೆನ್ಸೋ, ಹಿಸ್ಸೋ, ಕ್ಲಿಪ್ಪಿಂಗೋ ಎಂದು ಹುಡುಕಿದರೆ ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ.

ಮನೆಗೆ ತಂದ ಮೇಲೆ

ಆಂಪ್ ಆಫ್ ಇರುವಾಗಲೇ ವೈರ್ ಜೋಡಿಸಿ. 5 ಮೀಟರ್‌ವರೆಗೆ 1.5 ಚದರ ಮಿ.ಮೀ., ಅದಕ್ಕಿಂತ ದೂರಕ್ಕೆ ಅಥವಾ 4 ಓಮ್ ಸ್ಪೀಕರ್‌ಗೆ 2.5 ಚದರ ಮಿ.ಮೀ. ತಾಮ್ರ. ತುದಿ ಸುಲಿದಾಗ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಗುಲಿದರೂ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು, ಬಿಗಿಯಾಗಿ ತಿರುಚಿ ಅಥವಾ ಬನಾನಾ ಪ್ಲಗ್ ಹಾಕಿ. ಬಾಸ್ ತೆಳ್ಳಗಾಗಿ, ಹಾಡುವ ದನಿ ನಡುವೆ ನಿಲ್ಲದೆ ಚದುರಿದಂತೆ ಕೇಳಿದರೆ ಒಂದು ಸ್ಪೀಕರ್‌ನ ಕೆಂಪು-ಕಪ್ಪು ಅದಲುಬದಲಾಗಿದೆ. ಆಂಪ್‌ನ ಮೇಲೆ ಕನಿಷ್ಠ 10 ಸೆಂ.ಮೀ. ಜಾಗ ಬಿಡಿ, ಅದರ ಬೆನ್ನ ಮೇಲೆ ಬೇರೆ ಪೆಟ್ಟಿಗೆ ಪೇರಿಸಬೇಡಿ.

ಗುಂಯ್ ಸದ್ದು ಬಂದರೆ ಹೊಸ ಆಂಪನ್ನು ದೂರುವ ಮೊದಲು ಹೀಗೆ ಪತ್ತೆಮಾಡಿ. ಸದ್ದು ಸ್ಪೀಕರ್‌ನಿಂದಲ್ಲದೆ ಪೆಟ್ಟಿಗೆಯ ಒಳಗಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನ ಕಂಪನ. ಸ್ಪೀಕರ್‌ನಿಂದ ಬಂದು ವಾಲ್ಯೂಮ್ ಜೊತೆ ಏರಿದರೆ ದೋಷ ಇನ್‌ಪುಟ್ ಕಡೆಯದು. ಖಾಲಿ ಇನ್‌ಪುಟ್‌ಗೆ ತಿರುಗಿಸಿ. ನಿಂತರೆ ಆಂಪ್ ಸರಿಯಿದೆ. ಆಮೇಲೆ ಇನ್‌ಪುಟ್ ಕೇಬಲ್‌ಗಳನ್ನು ಒಂದೊಂದಾಗಿ ಕಳಚಿ. ಹೆಚ್ಚಿನ ಸಲ ಅಪರಾಧಿ ಟಿವಿಗೆ ಬಂದಿರುವ ಕೇಬಲ್ ಅಥವಾ ಆಂಟೆನಾದ ವೈರ್, ಇಲ್ಲವೇ ಅರ್ತ್ ಪಿನ್ ಇರುವ ಕಂಪ್ಯೂಟರ್. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆ ಒಂದು ಉಪಕರಣಕ್ಕೆ ಆಪ್ಟಿಕಲ್ ಸಂಪರ್ಕ ಬಳಸಿ, ಅಥವಾ ಆರ್‌ಸಿಎ ಕೇಬಲ್ ನಡುವೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಟರ್ನ್‌ಟೇಬಲ್ ಮಾತ್ರ ಗುಂಯ್‌ಗುಟ್ಟಿದರೆ ಅದರ ತೆಳು ಗ್ರೌಂಡ್ ವೈರನ್ನು ಆಂಪ್‌ನ ಹಿಂದಿನ ಗ್ರೌಂಡ್ ಸ್ಕ್ರೂಗೆ ಬಿಗಿಯಿರಿ. ಗುಂಯ್ ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ಅದನ್ನು ಎಂದಿಗೂ ಮಾಡಬೇಡಿ: ಒಳಗೆ ಮೈನ್ಸ್ ವೈರ್ ಸಡಿಲಗೊಂಡು ಲೋಹದ ಪೆಟ್ಟಿಗೆಗೆ ತಗುಲಿದ ದಿನ, ಫ್ಯೂಸ್ ಹಾರಿಸಬೇಕಾದ ಕರೆಂಟ್ ನಿಮ್ಮ ಕೈಯ ಮೂಲಕ ಹರಿಯುತ್ತದೆ.